ಸ್ಟ್ರೆಚ್ ಮಾಡಿ ಮಾಡಿ ಸಾಕಾಗಿತ್ತು, ಭಾರ ಎತ್ತಿದ ಮೇಲೆ ಬೆನ್ನು ಹಗುರವಾಯ್ತು

ಮುಂಜಾವು43

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕು ಅಂತ ಒಂದು ತಿಂಗಳಿಂದ ಅಂದುಕೊಳ್ಳುತ್ತಿದ್ದೆ.

ನನಗೆ 43 ವರ್ಷ. ದಿನಕ್ಕೆ ಒಂಬತ್ತು ಗಂಟೆ ಕೂತು ಮಾಡುವ ಕೆಲಸ. ಸೊಂಟದ ಮೇಲ್ಗಡೆ, ಬೆನ್ನುಮೂಳೆಯ ಎರಡೂ ಪಕ್ಕ ಸದಾ ಹಿಡಿದುಕೊಂಡೇ ಇರುತ್ತಿತ್ತು. ಬೆಳಿಗ್ಗೆ ಬಗ್ಗಿ ಮುಖ ತೊಳೆಯುವಾಗ ಒಂದು ಕೈಯನ್ನು ಬೇಸಿನ್ ಮೇಲೆ ಊರಲೇಬೇಕಿತ್ತು. ಎರಡು ವರ್ಷ ದಿನಾ ಸ್ಟ್ರೆಚ್ ಮಾಡಿದೆ. ಮಾಡಿದ ಮೇಲೆ ಒಂದು ಗಂಟೆ ಹಾಯಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ ಕಥೆ.

ಎಂಟು ತಿಂಗಳ ಹಿಂದೆ ಭಾರ ಎತ್ತಲು ಶುರು ಮಾಡಿದೆ. ಹೆದರಿಕೊಂಡೇ ಶುರು ಮಾಡಿದ್ದು. ಬೆನ್ನು ನೋವಿರುವವನು ಭಾರ ಎತ್ತುವುದಾ ಅಂತ ಮನೆಯವರೂ ಕೇಳಿದರು. ಮೊದಲ ಎರಡು ವಾರ ನಾನು ಕಲಿತಿದ್ದು ಒಂದೇ ವಿಷಯ, ಸೊಂಟದ ಕೀಲಿನಿಂದ ಬಗ್ಗುವುದು. ಪೊರಕೆಯ ಉದ್ದ ಕೋಲನ್ನು ಬೆನ್ನಿಗೆ ಒತ್ತಿ ಹಿಡಿದುಕೊಳ್ಳಿ. ಕೋಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಎರಡು ಭುಜದೆಲುಬುಗಳ ನಡು, ಬೆನ್ನಿನ ಬುಡದ ಮೂಳೆ. ಮಂಡಿ ಸ್ವಲ್ಪ ಸಡಿಲವಿರಲಿ. ಈಗ ಕೈ ತುಂಬ ಸಾಮಾನಿದ್ದಾಗ ಬಾಗಿಲನ್ನು ಪಿರ್ರೆಯಿಂದ ತಳ್ಳಿ ಮುಚ್ಚುತ್ತೇವಲ್ಲ, ಹಾಗೆ ಹಿಂದಕ್ಕೆ ಹೋಗಿ. ಮೊದಲ ದಿನ ನನಗೆ ಅರ್ಧ ದಾರಿಯಲ್ಲೇ ಕೋಲು ಬುಡದ ಮೂಳೆಯನ್ನು ಬಿಟ್ಟು ಎದ್ದು ಬಂತು. ಅಂದರೆ ನಾನು ಮಡಿಸುತ್ತಿದ್ದದ್ದು ಸೊಂಟದ ಕೀಲನ್ನಲ್ಲ, ಬೆನ್ನನ್ನು. ಇಷ್ಟು ವರ್ಷ ನೆಲದಿಂದ ಏನೇ ಎತ್ತಿದರೂ ಹಾಗೇ ಎತ್ತಿದ್ದೆ. ಮೂರನೇ ದಿನ ಕೋಲು ಕದಲಲಿಲ್ಲ, ತೊಡೆಯ ಹಿಂಭಾಗ ಹಗ್ಗ ಎಳೆದ ಹಾಗೆ ಬಿಗಿಯಾಯಿತು. ಆ ಬಿಗಿತ ಸಿಕ್ಕಿದರೆ ಸರಿಯಾಗಿ ಬಗ್ಗಿದ್ದೀರಿ ಅಂತ ಅರ್ಥ.

ಆಮೇಲೆ ಕೈಯಲ್ಲಿ 8 ಕೆಜಿ ಹಿಡಿದು ಅದನ್ನೇ ಮಾಡಿದೆ. ನಂತರ 12. ಈಗ ನೆಲದಿಂದ 60 ಕೆಜಿ ಎತ್ತುತ್ತೇನೆ. ವಾರಕ್ಕೆ ಮೂರು ದಿನ, ಸಲಕ್ಕೆ 40 ನಿಮಿಷ. ಬೇಸಿನ್ ಹಿಡಿದುಕೊಳ್ಳದೆ ಮುಖ ತೊಳೆಯುತ್ತಿದ್ದೇನೆ ಅಂತ ನನಗೇ ಗೊತ್ತಾಗಿದ್ದು ನಾಲ್ಕನೇ ತಿಂಗಳಲ್ಲಿ.

ನನಗೆ ಈಗ ಅನಿಸುವುದು ಇಷ್ಟು: ನಮ್ಮಲ್ಲಿ ಬಹಳ ಜನರ ಮೈ ಬಿಗಿಯಾಗಿರುವುದು ಅದು ಚಿಕ್ಕದಾಗಿದೆ ಅಂತಲ್ಲ, ದುರ್ಬಲವಾಗಿದೆ ಅಂತ. ಬಲ ಇಲ್ಲದ ಜಾಗವನ್ನು ಮೈ ಬಿಗಿ ಹಿಡಿದು ಕಾಪಾಡಿಕೊಳ್ಳುತ್ತದೆ. ಬಲ ಬಂದರೆ ಹಿಡಿತ ಬಿಡುತ್ತದೆ. ನಿಮ್ಮ ಅನುಭವ ಏನು? ತಪ್ಪಿದ್ದರೆ ತಿದ್ದಿ.

ನಿಧಾನನಡಿಗೆ

ಓದಿ ಧೈರ್ಯ ಬಂತು. ನನಗೆ 51. ಬಸ್ಕಿ ಹೊಡೆಯಲು ಕೂತರೆ ಎರಡೂ ಮಂಡಿ ಲಟಲಟ ಅನ್ನುತ್ತವೆ. ನೋವು ಅಷ್ಟೇನಿಲ್ಲ, ಮೆಟ್ಟಿಲು ಇಳಿಯುವಾಗ ಮಾತ್ರ ಮಂಡಿಚಿಪ್ಪಿನ ಸುತ್ತ ಸ್ವಲ್ಪ ಇರುತ್ತದೆ. ಆ ಸದ್ದು ಕೇಳಿ ಮೂಳೆ ಸವೆಯುತ್ತಿದೆ ಅಂತ ಹೆದರಿ ಐದು ವರ್ಷದಿಂದ ಬಸ್ಕಿಯನ್ನೇ ಬಿಟ್ಟಿದ್ದೇನೆ. ನೆಲದ ಮೇಲೆ ಕೂತರೆ ಏಳಲು ಎರಡೂ ಕೈ ಊರಬೇಕು. ನನ್ನಂಥವರು ಶುರು ಮಾಡಬಹುದಾ?

ಕೀಲುಸ್ನಾಯು

ಫಿಸಿಯೋಥೆರಪಿ ನನ್ನ ಕೆಲಸ. ಹದಿನಾಲ್ಕು ವರ್ಷದಲ್ಲಿ ಜಾಸ್ತಿ ಕೇಳಿದ ಪ್ರಶ್ನೆಗಳಲ್ಲಿ ಇದೂ ಒಂದು. ನೋವಿಲ್ಲದ, ಊತವಿಲ್ಲದ ಸದ್ದಿಗೆ ಹೆದರಬೇಕಿಲ್ಲ. ಆರೋಗ್ಯವಾಗಿರುವ ಮಂಡಿಗಳೂ ಸದ್ದು ಮಾಡುತ್ತವೆ. ಮಂಡಿ ಊದಿಕೊಂಡರೆ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ಮಡಚಲು ಬಿಡಿಸಲು ಆಗದಿದ್ದರೆ, ನಡೆಯುವಾಗ ಇದ್ದಕ್ಕಿದ್ದಂತೆ ಕೈಕೊಟ್ಟರೆ ಆಗ ತೋರಿಸಿ.

ನಿಮ್ಮ ತೊಂದರೆಯೆಂದರೆ ಐದು ವರ್ಷ ಬಿಟ್ಟಿದ್ದು. ತೊಡೆಯ ಮುಂಭಾಗದ ಸ್ನಾಯು ಸೊರಗಿದರೆ ಮೆಟ್ಟಿಲಿಳಿಯುವ ಭಾರವನ್ನು ತಡೆಹಿಡಿಯುವವರೇ ಇಲ್ಲದಂತಾಗುತ್ತದೆ. ಗಟ್ಟಿ ಕುರ್ಚಿಯಿಂದ ಶುರು ಮಾಡಿ. ಎದ್ದೇಳಲು ಒಂದು ಸೆಕೆಂಡು, ಕೂರಲು ಮೂರು ಸೆಕೆಂಡು. ಧೊಪ್ಪನೆ ಬೀಳಬೇಡಿ, ಕೂರುವ ದಾರಿಯುದ್ದಕ್ಕೂ ನೀವೇ ತಡೆಯಿರಿ. 8 ಸಲ ಮಾಡಿ, ಎರಡು ನಿಮಿಷ ಸುಧಾರಿಸಿಕೊಳ್ಳಿ, ಹೀಗೆ ಮೂರು ಸುತ್ತು. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬಿಡಿ. ಸುಲಭವಾದರೆ ದಿಂಬು ತೆಗೆಯಿರಿ, ಆಮೇಲೆ ಇನ್ನೂ ತಗ್ಗಿನ ಆಸನ, ಆಮೇಲೆ ಎದೆಗೆ ಒಂದು ತೂಕ ಅಪ್ಪಿಕೊಂಡು.

ಮಾಡುವಾಗ ಸ್ವಲ್ಪ ನೋವಾದರೆ ಬಿಡಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ನೋವಿಗೆ 10ರಲ್ಲಿ ಅಂಕ ಕೊಡಿ. 3ರವರೆಗೆ ಇದ್ದರೆ, ಮಾರನೇ ದಿನ ಅದೇ ಹೊತ್ತಿಗೆ ಮೊದಲಿನಂತೆಯೇ ಇದ್ದರೆ ಮುಂದುವರಿಸಿ. ಮಾರನೇ ದಿನ ಜಾಸ್ತಿಯಾಗಿದ್ದರೆ ವ್ಯಾಯಾಮ ತಪ್ಪು ಅಂತಲ್ಲ, ಅಳತೆ ಜಾಸ್ತಿಯಾಯಿತು ಅಂತ. ಅರ್ಧಕ್ಕೆ ಇಳಿಸಿ.

ಇದು ಹೊಸ ವಿಚಾರವೂ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಥಾಮಸ್ ಡಿಲಾರ್ಮ್ ಅನ್ನುವ ಅಮೆರಿಕದ ಸೇನಾ ವೈದ್ಯರು ಮಂಡಿ, ತೊಡೆಗೆ ಪೆಟ್ಟಾದ ಸೈನಿಕರಿಗೆ ತೂಕ ಕಟ್ಟಿ ಕಾಲು ಎತ್ತಿಸಿದರು. ಹಗುರ ವ್ಯಾಯಾಮ, ಜಾಸ್ತಿ ವಿಶ್ರಾಂತಿ ಅನ್ನುತ್ತಿದ್ದ ಕಾಲ ಅದು. ಅವರು ವಾರವಾರ ತೂಕ ಏರಿಸುತ್ತಾ ಹೋದರು. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಇವತ್ತು ಜಿಮ್‌ಗಳಲ್ಲಿ ಹೇಳುವ 10 ಸಲದ ಮೂರು ಸುತ್ತಿನ ಲೆಕ್ಕ ಅವರ ಕೆಲಸದಿಂದಲೇ ಹಬ್ಬಿದ್ದು.

ಮುಂಜಾವು43 ಅವರಿಗೆ ಒಂದು ತಿದ್ದುಪಡಿ. ಬೆನ್ನು ಬಾಗುವುದೇ ಅಪಾಯ ಅಂತ ಯಾರೂ ತಿಳಿಯಬಾರದು. ಬೆನ್ನು ಇರುವುದೇ ಬಾಗಲು. ಭಾರ ಎತ್ತುವಾಗ ಸೊಂಟದಿಂದ ಬಗ್ಗಿದರೆ ದೊಡ್ಡ ಸ್ನಾಯುಗಳು ಕೆಲಸ ಮಾಡುತ್ತವೆ, ಅದಕ್ಕೆ ಅದನ್ನು ಕಲಿಸುತ್ತೇವೆ. ಬಿದ್ದ ಪೆನ್ನು ಎತ್ತಲು ಬೆನ್ನು ಬಾಗಿತು ಅಂತ ಗಾಬರಿಯಾಗಬೇಡಿ. ಹಾಗೆ ಗಾಬರಿಯಿಂದ ಬದುಕುವವರ ಬೆನ್ನೇ ಜಾಸ್ತಿ ಬಿಗಿದಿರುತ್ತದೆ, ನಾನು ನೋಡಿದ್ದೇನೆ.

ಹಗುರಮೈ

ಸ್ವಲ್ಪ ಬೇಸರದಿಂದಲೇ ಬರೆಯುತ್ತಿದ್ದೇನೆ. ಸ್ಟ್ರೆಚ್ ಅಂದರೆ ಸುಮ್ನೆ ಟೈಮ್ ವೇಸ್ಟ್ ಅನ್ನುವ ಹಾಗೆ ಆಗಿದೆ ಈ ಚರ್ಚೆ. ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಈಗಲೂ ಕಾಲು ಚಾಚಿ ಕೂತು ಹೆಬ್ಬೆರಳು ಹಿಡಿಯುತ್ತೇನೆ. ಮನಸ್ಸಿಗೆ ಸಿಗುವ ನೆಮ್ಮದಿಯೇ ಬೇರೆ. ಅದಕ್ಕೆ ಬೆಲೆ ಇಲ್ವಾ?

ಮುಂಜಾವು43

ಖಂಡಿತ ಇದೆ. ನನ್ನ ಮಾತು ಹಾಗೆ ಕೇಳಿಸಿದ್ದರೆ ಕ್ಷಮಿಸಿ. ನನ್ನ ತಪ್ಪು ಸ್ಟ್ರೆಚ್ ಮಾಡಿದ್ದಲ್ಲ, ಅದೊಂದನ್ನೇ ನಂಬಿದ್ದು.

ನಿಮ್ಮ ಹತ್ತಿರ ಒಂದು ವಿಷಯ ಕೇಳುತ್ತೇನೆ. ಬೆನ್ನ ಮೇಲೆ ಮಲಗಿ, ಒಂದು ಕಾಲನ್ನು ನೇರವಾಗಿಟ್ಟು ಕೈಯಿಂದ ಎಳೆದುಕೊಂಡರೆ ಎಷ್ಟು ಮೇಲೆ ಬರುತ್ತದೆ? ಕೈ ಬಿಟ್ಟು ಕಾಲಿನ ಬಲದಿಂದಲೇ ಎತ್ತಿದರೆ ಎಷ್ಟು? ಈ ಎರಡರ ನಡುವಿನ ವ್ಯತ್ಯಾಸ ನನಗೆ ಒಂದು ಗೇಣಿಗಿಂತ ಜಾಸ್ತಿ ಇತ್ತು. ಕೈಯಿಂದ ಎಳೆದಾಗ ಬರುವುದು ಬಳುಕುವ ಗುಣ. ಸ್ವಂತ ಬಲದಿಂದ ಬರುವುದನ್ನೇ ಮೊಬಿಲಿಟಿ ಅನ್ನುವುದು. ದಿನದ ಓಡಾಟದಲ್ಲಿ ನಮಗೆ ಬೇಕಾಗುವುದು ಎರಡನೆಯದು.

ಕೀಲುಸ್ನಾಯು

ಇದಕ್ಕೆ ಸೇರಿಸುತ್ತೇನೆ. ಕೀಲು ಎಷ್ಟು ದೂರ ಹೋಗುತ್ತದೋ ಅಷ್ಟೂ ದೂರ ನಿಧಾನವಾಗಿ ಭಾರ ಒಯ್ದರೆ, ಮೈ ಸಡಿಲವಾಗುವುದರಲ್ಲಿ ಸ್ಟ್ರೆಚ್‌ಗಿಂತ ಅದೇನೂ ಕಡಿಮೆಯಿಲ್ಲ. ಅರ್ಧಂಬರ್ಧ ಬಸ್ಕಿ ಹೊಡೆಯುವವರಿಗೆ ಈ ಲಾಭ ಸಿಗುವುದಿಲ್ಲ. ಸ್ಟ್ರೆಚ್ ಇಷ್ಟವಿದ್ದರೆ ವ್ಯಾಯಾಮ ಮುಗಿದ ಮೇಲೆ ಅಥವಾ ಬೇರೆ ಹೊತ್ತಿನಲ್ಲಿ ಮಾಡಿ. ಭಾರ ಎತ್ತುವ ಮುಂಚೆ ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಆ ಹೊತ್ತಿಗೆ ಬಲ ಸ್ವಲ್ಪ ತಗ್ಗುತ್ತದೆ. ಮುಂಚೆ ಮಾಡಬೇಕಿದ್ದರೆ ಕೈಕಾಲು ಬೀಸುವುದು, ಖಾಲಿ ಕೈಯಲ್ಲಿ ಬಸ್ಕಿ, ಅಂಬೆಗಾಲಲ್ಲಿ ನಿಂತು ಬೆನ್ನು ಉಬ್ಬಿಸಿ ತಗ್ಗಿಸುವುದು, ಇಂಥವು ಸಾಕು.

ಪಾದದ ಗಂಟನ್ನು ಮರೆಯಬೇಡಿ. ಬಸ್ಕಿಯಲ್ಲಿ ಹಿಮ್ಮಡಿ ಏಳುತ್ತದೆ ಅನ್ನುವವರಲ್ಲಿ ಬಹಳ ಸಲ ಅಡ್ಡಿ ಇರುವುದು ಅಲ್ಲಿ. ಗೋಡೆಯ ಮುಂದೆ ಒಂದು ಮಂಡಿ ಊರಿ, ಮುಂದಿನ ಪಾದದ ಹೆಬ್ಬೆರಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಹಿಮ್ಮಡಿ ಏಳದಂತೆ ಮಂಡಿಯಿಂದ ಗೋಡೆ ಮುಟ್ಟಿ. ಮುಟ್ಟಿದರೆ ಪಾದವನ್ನು ಇನ್ನಷ್ಟು ಹಿಂದೆ ಸರಿಸಿ. ಸುಮಾರು 10 ಸೆಂಟಿಮೀಟರ್ ದೂರದಿಂದ ಮುಟ್ಟಿದರೆ ಸಾಕಷ್ಟು ಬಾಗುತ್ತಿದೆ ಅಂತ ಅರ್ಥ. ಎಡಬಲ ಹೋಲಿಸಿ ನೋಡಿ, ಹಿಂದೆ ಉಳುಕಿದ್ದ ಕಡೆ ಥಟ್ಟನೆ ಗೊತ್ತಾಗುತ್ತದೆ.

ಓಟದಹುಚ್ಚು

ಪಾದದ ಮಾತು ಬಂದಿದ್ದಕ್ಕೆ ನಾನೂ ಹೇಳುತ್ತೇನೆ. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ನೋವಾಗಿ ಏಳು ತಿಂಗಳು ಓಟ ಬಿಟ್ಟಿದ್ದೆ. ಬೆಳಿಗ್ಗೆ ಮೊದಲ ಹತ್ತು ಹೆಜ್ಜೆ ಕುಂಟಿಕೊಂಡೇ. ವಿಶ್ರಾಂತಿ ತಗೊಂಡರೆ ಕಡಿಮೆ, ಓಡಿದರೆ ಮತ್ತೆ ಶುರು.

ಆಗ ಸಿಕ್ಕಿದ್ದು ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ಅವರ ವಿಧಾನ. ಮೂಳೆ ಕೀಲು ವೈದ್ಯರು. ಅವರಿಗೇ ಆ ನೋವಿತ್ತಂತೆ. 1998ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು 15 ಮಂದಿ ಓಟಗಾರರು. ಮೆಟ್ಟಿಲ ಅಂಚಿನಲ್ಲಿ ತುದಿಗಾಲಲ್ಲಿ ನಿಂತು ನೋವಿರುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಅಂಚಿಗಿಂತ ಕೆಳಗೆ ಇಳಿಸುವುದು. ಏಳುವಾಗ ಇನ್ನೊಂದು ಕಾಲಿನ ಸಹಾಯ. ಮಂಡಿ ನೇರವಾಗಿಟ್ಟು 15ರ ಮೂರು ಸುತ್ತು, ಮಡಿಸಿ ಮತ್ತೆ ಮೂರು ಸುತ್ತು, ದಿನಕ್ಕೆ ಎರಡು ಸಲ. ಒಟ್ಟು 180. ಹನ್ನೆರಡು ವಾರದ ಮೇಲೆ ಹದಿನೈದೂ ಜನ ಓಟಕ್ಕೆ ಮರಳಿದರು.

ನಾನು ಅಷ್ಟು ಮಾಡಲಿಲ್ಲ, ದಿನ ಬಿಟ್ಟು ದಿನ ಮಾಡಿದೆ, ಬೆನ್ನಿಗೆ ಚೀಲ ಹಾಕಿಕೊಂಡು ಭಾರ ಏರಿಸಿದೆ. ಐದನೇ ವಾರದವರೆಗೆ ಏನೂ ಬದಲಾಗಲಿಲ್ಲ. ಬಿಟ್ಟುಬಿಡೋಣ ಅನಿಸಿತ್ತು. ಒಂಬತ್ತನೇ ವಾರ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ಸೀದಾ ನಡೆದುಬಿಟ್ಟೆ. ಬಾಗಿಲ ಹತ್ತಿರ ಹೋಗಿ ನಿಂತ ಮೇಲೆ ಹೊಳೆಯಿತು. ಸ್ನಾಯು ಬೇಗ ಬಲಿಯುತ್ತದೆ, ರಜ್ಜಿಗೆ ತಿಂಗಳುಗಟ್ಟಲೆ ಬೇಕು. ಅವಸರ ಮಾಡಬೇಡಿ.

ಹೊಸಬ22

ನನಗೆ ನೋವೇನೂ ಇಲ್ಲ, ಮೈ ತುಂಬಿಕೊಳ್ಳಬೇಕು ಅಷ್ಟೇ. ತುಂಬಾ ಸಣಕಲು. ಎಷ್ಟು ಸಲ, ಎಷ್ಟು ಸುತ್ತು, ವಾರಕ್ಕೆ ಎಷ್ಟು ದಿನ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮುಂಜಾವು43

ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣ, ಹಲವು ದಾರಿಗಳು ಕೆಲಸ ಮಾಡುತ್ತವೆ. 5 ಸಲ ಎತ್ತುವಷ್ಟು ಭಾರವಾಗಲಿ, 30 ಸಲ ಎತ್ತುವಷ್ಟು ಹಗುರವಾಗಲಿ, ಸ್ನಾಯು ಬೆಳೆಯುತ್ತದೆ. ಒಂದೇ ಷರತ್ತು: ಸುತ್ತಿನ ಕೊನೆಗೆ ಬಂದಾಗ ಇನ್ನು ಎರಡು ಮೂರು ಸಲಕ್ಕಿಂತ ಜಾಸ್ತಿ ಆಗುವುದಿಲ್ಲ ಅನ್ನುವ ಹಾಗಿರಬೇಕು. 15 ಸಲ ಸಾಧ್ಯವಿದ್ದು 8ಕ್ಕೆ ನಿಲ್ಲಿಸಿದರೆ ಸ್ನಾಯುವಿಗೆ ಬೆಳೆಯಲು ಕಾರಣವೇ ಇರುವುದಿಲ್ಲ. 8ರಿಂದ 12ರ ನಡುವೆ ಇಟ್ಟುಕೊಳ್ಳುವುದು ಅನುಕೂಲ. 12 ಮುಟ್ಟಿದಾಗ ತೂಕ ಸ್ವಲ್ಪ ಏರಿಸಿ, ಮತ್ತೆ 8ರಿಂದ ಶುರು.

ದಿನಕ್ಕೊಂದು ಅಂಗ ಅಂತ ಹಂಚಿಕೊಳ್ಳುವುದು ಈಗ ಬೇಡ. ವಾರಕ್ಕೆ ಮೂರು ದಿನ, ಪ್ರತಿ ದಿನವೂ ಇಡೀ ಮೈಗೆ. ಬಸ್ಕಿ, ಸೊಂಟದಿಂದ ಬಗ್ಗಿ ಎತ್ತುವುದು, ದಂಡ ಅಥವಾ ತಳ್ಳುವ ಯಾವುದಾದರೂ ಒಂದು, ನಿಮ್ಮ ಕಡೆಗೆ ಎಳೆದುಕೊಳ್ಳುವ ಒಂದು, ಕೊನೆಗೆ ಭಾರ ಹಿಡಿದು ನಡೆಯುವುದು. ಪ್ರತಿಯೊಂದೂ ಮೂರು ಸುತ್ತು. ಒಂದು ಪುಸ್ತಕದಲ್ಲಿ ಬರೆದಿಡಿ. ನನ್ನ ಪುಸ್ತಕ ಇಲ್ಲದಿದ್ದರೆ ನಾನು ಯಾವತ್ತೋ ಒಂದೇ ತೂಕದಲ್ಲಿ ನಿಂತುಬಿಡುತ್ತಿದ್ದೆ.

ಮೊದಲ ಕೆಲವು ವಾರ ಬಲ ಬೇಗ ಏರುತ್ತದೆ, ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಆಗ ಕಲಿಯುತ್ತಿರುವುದು ನರಗಳು. ಸ್ನಾಯುವಿನ ಗಾತ್ರ ಕಣ್ಣಿಗೆ ಬೀಳಲು ಎರಡು ಮೂರು ತಿಂಗಳು ಬೇಕು. ಪ್ರೋಟೀನ್ ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ ಸುಮಾರು 1.6 ಗ್ರಾಂ ಇರಲಿ. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಜಾಸ್ತಿ ಮಾಡಿ. ನಿದ್ದೆ ಕೆಡಿಸಿಕೊಂಡು ಮಾತ್ರ ಮೈ ಬೆಳೆಸಲು ಹೋಗಬೇಡಿ.

ಮೊಣಕೈಪಾಠ

ಹೊಸಬ22, ನನಗಾದದ್ದು ನಿಮಗಾಗಬಾರದು ಅಂತ ಬರೆಯುತ್ತಿದ್ದೇನೆ. ಜಿಮ್ ಸೇರಿದ ಮೊದಲ ದಿನ ಅಲ್ಲಿನ ತರಬೇತುದಾರರು ತೋಳಿಗೆ ಸುತ್ತಿನ ಮೇಲೆ ಸುತ್ತು ಮಾಡಿಸಿದರು. ಇನ್ನೊಂದು, ಇನ್ನೊಂದು ಅಂತ ಹುರಿದುಂಬಿಸಿದರು. ನನಗೂ ಬಿಡಲು ನಾಚಿಕೆ. ಮಾರನೇ ದಿನ ಏನೂ ಅನಿಸಲಿಲ್ಲ. ಅದರ ಮಾರನೇ ದಿನ ಮೊಣಕೈ ಬಿಡಿಸಲು ಆಗಲಿಲ್ಲ. ಶರ್ಟಿನ ಗುಂಡಿ ಹಾಕಲು ಬೇರೆಯವರು ಬೇಕಾಯಿತು. ಐದು ದಿನ ಹಾಗೇ ಇತ್ತು, ಆಮೇಲೆ ಒಂದು ವರ್ಷ ಜಿಮ್ ಕಡೆ ತಲೆ ಹಾಕಲಿಲ್ಲ.

ಆ ಒಂದು ವರ್ಷ ಹೋಯಿತಲ್ಲ, ಅದಕ್ಕೇ ಜಾಸ್ತಿ ಸಂಕಟ. ಮೊದಲ ವಾರ ಒಂದೊಂದು ವ್ಯಾಯಾಮಕ್ಕೆ ಒಂದೇ ಸುತ್ತು ಮಾಡಿ. ಕಡಿಮೆಯಾಯಿತು ಅನಿಸಬೇಕು.

ಕೀಲುಸ್ನಾಯು

ಒಳ್ಳೆಯದಾಯಿತು ಹೇಳಿದ್ದು. ಹೊಸ ವ್ಯಾಯಾಮದ ಮೈಕೈ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗಿ, ಆಮೇಲೆ ತಾನೇ ಇಳಿಯುತ್ತದೆ. ನೋವಾದರೆ ಮಾತ್ರ ಬೆಳವಣಿಗೆ ಅನ್ನುವುದು ಸುಳ್ಳು. ಆದರೆ ಸ್ನಾಯು ಊದಿಕೊಂಡು, ವಿಪರೀತ ನೋವಾಗಿ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟಾಗುವ ಸ್ಥಿತಿ ಅದು.

ಬೆನ್ನು ನೋವಿನವರೂ ಇದನ್ನು ಓದುತ್ತಿರುತ್ತೀರಿ. ಮಲ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತಾ ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ಜ್ವರದ ಜೊತೆ ಬೆನ್ನು ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಇವನ್ನೂ ಬೇಗ ತೋರಿಸಬೇಕು. ಇವು ವ್ಯಾಯಾಮದಿಂದ ಸರಿಮಾಡುವಂಥವಲ್ಲ.

ಎಂಆರ್‌ಐ ವರದಿ ಹಿಡಿದು ಕಣ್ಣೀರು ಹಾಕುವವರನ್ನು ವಾರಕ್ಕೊಬ್ಬರಾದರೂ ನೋಡುತ್ತೇನೆ. ಡಿಸ್ಕ್ ಸವೆದಿದೆ, ಇನ್ನು ಬದುಕೆಲ್ಲ ಹೀಗೇನಾ ಅಂತ ಕೇಳುತ್ತಾರೆ. ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿದ 2015ರ ಒಂದು ದೊಡ್ಡ ವಿಮರ್ಶೆ ಇದೆ. 20 ವರ್ಷದವರಲ್ಲೇ 37%, 80 ವರ್ಷದವರಲ್ಲಿ 96% ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ನೆರೆಗೂದಲಿನ ಹಾಗೆ ಅದೂ ವಯಸ್ಸಿನ ಗುರುತು. ವರದಿ ನೋಡಿ ಹಾಸಿಗೆ ಹಿಡಿಯಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಅರವತ್ತೆಂಟು

ನನ್ನ ವಯಸ್ಸು ಹೆಸರಲ್ಲೇ ಇದೆ. ಕಳೆದ ವರ್ಷ ನನ್ನ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ನೆಲದಿಂದ ಏಳಲು ಆಗದೆ ಎರಡು ಗಂಟೆ ಅಲ್ಲೇ ಇದ್ದರು. ಅವತ್ತಿನಿಂದ ನನಗೆ ಭಯ. ಈ ವಯಸ್ಸಿಗೆ ಶುರು ಮಾಡಿದರೆ ಸ್ನಾಯು ಬರುತ್ತದಾ? ಸತ್ಯ ಹೇಳಿ, ಸಮಾಧಾನಕ್ಕೆ ಹೇಳಬೇಡಿ.

ಕೀಲುಸ್ನಾಯು

ಬರುತ್ತದೆ ಅಮ್ಮ. 1990ರಲ್ಲಿ ಅಮೆರಿಕದಲ್ಲಿ ವೃದ್ಧಾಶ್ರಮದ ಹತ್ತು ಮಂದಿಗೆ ಎಂಟು ವಾರ ಕಾಲಿಗೆ ಭಾರ ಕೊಟ್ಟು ವ್ಯಾಯಾಮ ಮಾಡಿಸಿದರು. ಅವರ ಸರಾಸರಿ ವಯಸ್ಸು 90. ಕಾಲಿನ ಬಲ ಸರಾಸರಿ 174% ಹೆಚ್ಚಿತು, ತೊಡೆಯ ಸ್ನಾಯುವಿನ ಗಾತ್ರವೂ ಬೆಳೆಯಿತು. ನಿಮಗೆ ಅವರಿಗಿಂತ 22 ವರ್ಷ ಕಡಿಮೆ.

ಮೊದಲು ಒಂದು ಪರೀಕ್ಷೆ. ಕುರ್ಚಿಯನ್ನು ಗೋಡೆಗೆ ಆನಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ನೋಡಿ. 65ರಿಂದ 69ರ ಹೆಂಗಸರಿಗೆ 11, ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ಎಷ್ಟೇ ಬಂದರೂ ಅಲ್ಲಿಂದಲೇ ಶುರು. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಏಳುವುದು, ಅಡುಗೆಕಟ್ಟೆ ಹಿಡಿದು ತುದಿಗಾಲಲ್ಲಿ ಏಳುವುದು, ಗೋಡೆಗೆ ಕೈಯೊತ್ತಿ ದಂಡ. ಹಲ್ಲುಜ್ಜುವಾಗ ಒಂದು ಕೈ ಆಧಾರಕ್ಕಿಟ್ಟು ಒಂಟಿ ಕಾಲಲ್ಲಿ ನಿಲ್ಲಿ. ಉಸಿರು ಬಿಗಿ ಹಿಡಿಯಬೇಡಿ, ಏಳುವಾಗ ಬಿಡಿ. ರಕ್ತದೊತ್ತಡ, ಹೃದಯದ ತೊಂದರೆ ಇದ್ದರೆ ಮೊದಲು ನಿಮ್ಮ ವೈದ್ಯರಿಗೆ ತಿಳಿಸಿ.

ನೆಲದಿಂದ ಏಳುವುದನ್ನೂ ಕಲಿಯಿರಿ, ಜೊತೆಗೆ ಯಾರಾದರೂ ಇದ್ದಾಗ. ಪಕ್ಕಕ್ಕೆ ಹೊರಳಿ, ಕೈಕಾಲಿನ ಮೇಲೆ ಬನ್ನಿ, ಗಟ್ಟಿ ಕುರ್ಚಿಯ ಹತ್ತಿರ ತೆವಳಿ ಅದರ ಮೇಲೆ ಎರಡೂ ಕೈಯಿಡಿ, ಬಲವಿರುವ ಕಾಲಿನ ಪಾದವನ್ನು ಮುಂದೆ ಊರಿ, ಎದ್ದು ತಿರುಗಿ ಕೂತುಕೊಳ್ಳಿ. ಇದನ್ನು ಬೀಳುವ ಮೊದಲೇ ಮೈಗೆ ರೂಢಿ ಮಾಡಿಸಬೇಕು.

ಅರವತ್ತೆಂಟು

ಈಗಷ್ಟೇ ಮಾಡಿ ನೋಡಿದೆ. 9 ಬಂತು. ನಾಳೆಯಿಂದ ಶುರು. ಅಕ್ಕನಿಗೂ ಹೇಳುತ್ತೇನೆ.

ಹಗುರಮೈ

ಮೇಲೆ ಬೇಸರದಿಂದ ಬರೆದಿದ್ದೆ. ಮುಂಜಾವು43 ಹೇಳಿದ ಕಾಲಿನ ಪರೀಕ್ಷೆ ಮಾಡಿದೆ. ಕೈಯಿಂದ ಎಳೆದರೆ ಕಾಲು ಮುಖದ ಹತ್ತಿರ ಬರುತ್ತದೆ. ಕೈ ಬಿಟ್ಟರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದು ನಡುಗುತ್ತಾ ನಿಲ್ಲುತ್ತದೆ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಇದನ್ನು ನೋಡಿರಲಿಲ್ಲ. ಸ್ಟ್ರೆಚ್ ಬಿಡುವುದಿಲ್ಲ, ಬಲವನ್ನೂ ಸೇರಿಸುತ್ತೇನೆ. ಕುತ್ತಿಗೆ ಹೆಗಲಿಗೆ ಏನು ಮಾಡುತ್ತೀರಿ? ಸಂಜೆ ಹೊತ್ತಿಗೆ ಕಲ್ಲಾಗಿರುತ್ತದೆ.

ಮುಂಜಾವು43

ಎಳೆಯುವ ವ್ಯಾಯಾಮ. ಎಲಾಸ್ಟಿಕ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ ಪಕ್ಕೆಯ ಕಡೆಗೆ ಎಳೆಯಿರಿ, ಭುಜದೆಲುಬುಗಳು ಒಂದನ್ನೊಂದು ಹತ್ತಿರ ಕರೆಯುವ ಹಾಗೆ. 12ರ ಮೂರು ಸುತ್ತು. ಎರಡು ಕೈಯಲ್ಲೂ ಭಾರ ಹಿಡಿದು ಹೆಗಲನ್ನು ನಿಧಾನ ಎತ್ತಿ ಇಳಿಸುವುದೂ ನನಗೆ ಬಹಳ ಸಹಾಯ ಮಾಡಿತು. ಜೊತೆಗೆ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಸರಿಯಾದ ಭಂಗಿ ಅಂತ ಒಂದಿಲ್ಲ, ಎಷ್ಟೇ ಚೆಂದ ಕೂತರೂ ಅಲ್ಲಾಡದಿದ್ದರೆ ಮೈ ದೂರುತ್ತದೆ.

ನಿಧಾನನಡಿಗೆ

ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ದಿಂಬು ಎರಡನೇ ವಾರಕ್ಕೆ ಹೋಯಿತು. ನಾಲ್ಕನೇ ವಾರ ಮೂರು ಸುತ್ತನ್ನು ಐದು ಮಾಡಿದೆ, ಮಾರನೇ ದಿನ ಮಂಡಿ ಸಿಟ್ಟಾಯಿತು. ನೀವು ಹೇಳಿದಂತೆ ಅರ್ಧಕ್ಕಿಳಿಸಿದೆ, ಎರಡು ದಿನದಲ್ಲಿ ಸರಿಹೋಯಿತು. ಮುಂಚೆ ಆಗಿದ್ದರೆ ಪೂರ್ತಿ ಬಿಟ್ಟುಬಿಡುತ್ತಿದ್ದೆ. ಈಗ 6 ಕೆಜಿ ಅಪ್ಪಿಕೊಂಡು ತಗ್ಗಿನ ಸ್ಟೂಲಿನಿಂದ ಏಳುತ್ತೇನೆ. ಮೆಟ್ಟಿಲಿಳಿಯುವಾಗಿನ ನೋವು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದೇ ಇಲ್ಲ. ಸದ್ದು ಮಾತ್ರ ಹಾಗೇ ಇದೆ.

ನಿನ್ನೆ ಮೊಮ್ಮಗಳ ಜೊತೆ ನೆಲದ ಮೇಲೆ ಕೂತಿದ್ದೆ. ಅವಳನ್ನು ಎತ್ತಿಕೊಂಡೇ ಎದ್ದೆ, ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು. ಎರಡೂ ಕೈಯಲ್ಲಿ ಅವಳಿದ್ದಳು, ನೆಲಕ್ಕೆ ಊರಲು ಕೈಯೇ ಇರಲಿಲ್ಲ.

ಈಗ ಸೊಂಟದಿಂದ ಬಗ್ಗುವುದು ಕಲಿಯಬೇಕು. ಕೋಲು ಸಿದ್ಧವಾಗಿದೆ. ತಲೆಯ ಹಿಂಭಾಗ ತಾಗುತ್ತಿಲ್ಲ, ಏನು ಮಾಡಲಿ?

ಮುಂಜಾವು43

ಗದ್ದವನ್ನು ಸ್ವಲ್ಪ ಒಳಗೆ ಎಳೆದುಕೊಳ್ಳಿ, ಕಣ್ಣು ಎರಡು ಮೀಟರ್ ಮುಂದಿನ ನೆಲದ ಮೇಲಿರಲಿ. ಆಗಲೂ ತಾಗದಿದ್ದರೆ ತಲೆಗೂ ಕೋಲಿಗೂ ನಡುವೆ ಮಡಿಸಿದ ಟವೆಲ್ ಇಟ್ಟು ಶುರು ಮಾಡಿ. ಮೊದಲ ವಾರ ತೂಕ ಬೇಡ. ಹೇಗಾಯಿತು ಅಂತ ಬಂದು ಬರೆಯಿರಿ.